ಬಕೆಟ್ಟಿಗೆ ಹಿಡಿಯದ ಕಸ: ನಮ್ಮೂರ ಗಾಡಿಯ ಜೊತೆ ನಾಲ್ಕು ವರ್ಷ

ನಮ್ಮದು ಕೊಡಗಿನ ಒಂದು ಸಣ್ಣ ಪಟ್ಟಣ. ಹೆಸರು ಹಾಕುವುದಿಲ್ಲ, ನಾಳೆ ಬೆಳಗ್ಗೆ ಗಾಡಿಯವರ ಮುಖ ನೋಡಬೇಕಲ್ಲ. ಏಳೂವರೆಗೆ ಹಾಡು ಹಾಕಿಕೊಂಡು ಆಟೋ ಟಿಪ್ಪರ್ ಬರುತ್ತದೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಟ್ಟರೆ ತಕರಾರೇ ಇಲ್ಲ. ಅದಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ದೊಡ್ಡ ಸಾಮಾನಿಗೆ ಎರಡು. ಬೇಸಿಗೆಯಲ್ಲಾದರೆ ಮೂರು.

ಈ ನಾಲ್ಕು ವರ್ಷದಲ್ಲಿ ನಮ್ಮ ಮನೆಯಿಂದ ಎರಡು ಹಾಸಿಗೆ, ಒಂದು ಪ್ಲೈವುಡ್ ಬೀರು, ಒಂದು ಫ್ರಿಜ್, ಒಂದು ಡಬ್ಬಾ ಟಿವಿ ಹೊರಗೆ ಹೋಗಿವೆ. ಜಾಸ್ತಿ ಕಾಡಿದ್ದು ಹಾಸಿಗೆ.

ಮೊದಲನೆಯದನ್ನು ಹೊರಗಿಟ್ಟಿದ್ದು ಜುಲೈನಲ್ಲಿ. ಮಳೆಗಾಲದಲ್ಲಿ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಹಾಸಿಗೆ ಯಾವ ಲೆಕ್ಕ? ರಾತ್ರಿಯೇ ಗೇಟಿನ ಹೊರಗೆ ಕಾಂಪೌಂಡಿಗೆ ಒರಗಿಸಿಟ್ಟೆ. ಅದೇ ತಪ್ಪಾಯಿತು. ಬೆಳಗಾಗುವಷ್ಟರಲ್ಲಿ ನೀರು ಕುಡಿದು ಎಮ್ಮೆಯ ತೂಕವಾಗಿತ್ತು. ಡ್ರೈವರ್ ಇಳಿದು ನೋಡಿ, "ಸಾರ್, ಇದನ್ನ ಹಾಕಿದ್ರೆ ಗಾಡಿ ಇಲ್ಲೇ ತುಂಬಿತು. ಮುಂದಿನ ಮನೆಯವರ ಕಸ ನನ್ನ ತಲೆ ಮೇಲೆ ಇಟ್ಕೊಳ್ಲಾ?" ಅಂದರು. ಅವರ ಮಾತು ಸರಿಯೇ ಇತ್ತು. ಕಚೇರಿಗೆ ಫೋನ್ ಮಾಡಿದೆ. "ಟ್ರ್ಯಾಕ್ಟರ್ ಕಳಿಸ್ತೀವಿ" ಅಂದರು. ಟ್ರ್ಯಾಕ್ಟರ್ ಬಂದಿದ್ದು ಹನ್ನೊಂದನೇ ದಿನ. ಅಷ್ಟರಲ್ಲಿ ಬೀದಿ ನಾಯಿಯೊಂದು ಹಾಸಿಗೆಯ ಹಿಂದೆ ಸಂಸಾರ ಹೂಡಿತ್ತು. ಎತ್ತುವಾಗ ಒಂದು ಮೂಲೆ ನಾನೂ ಹಿಡಿದೆ. ಹಿಂಡಿದ ಹಾಗೆ ನೀರು ಮೊಣಕೈವರೆಗೂ ಇಳಿಯಿತು. ಆ ವಾಸನೆ ಎರಡು ದಿನ ಹೋಗಲಿಲ್ಲ.

ಆ ಹನ್ನೊಂದು ದಿನದಲ್ಲಿ ಬುದ್ಧಿ ಹೇಳಿದವರಿಗೆ ಕಡಿಮೆ ಇರಲಿಲ್ಲ. ಪಕ್ಕದ ಮನೆಯ ಮಾವ, "ಸುಮ್ನೆ ಕೊಲ್ಲಿಗೆ ತಳ್ಳಿಬಿಡು, ಮಳೆ ಒಯ್ಯುತ್ತೆ" ಅಂದರು. ಕೊಲ್ಲಿ ಅಂದರೆ ನಮ್ಮ ಕಡೆ ಸಣ್ಣ ತೊರೆ. ಎಲ್ಲಿಗೆ ಒಯ್ಯುತ್ತೆ ಅಂತ ಕೇಳಬೇಕಲ್ವಾ? 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ನಾವೆಲ್ಲ ನೋಡಿದವರೇ. ಘನತ್ಯಾಜ್ಯ ನಿಯಮದಲ್ಲೇ ಬೀದಿಗೆ, ಚರಂಡಿಗೆ, ನೀರಿಗೆ ಕಸ ಎಸೆಯಬಾರದು, ಸುಡಲೂಬಾರದು ಅಂತ ಇದೆ. ಮಾವನಿಗೆ ನಿಯಮ ಹೇಳಲು ಹೋಗಲಿಲ್ಲ. ಕಾಫಿ ಕುಡಿದು ಬಂದೆ.

ಎರಡನೇ ಹಾಸಿಗೆ ಹೋಗಿದ್ದು ಜನವರಿಯಲ್ಲಿ. ಈ ಸಲ ಗಾಡಿಯ ಜೊತೆ ಬರುವ ಅಕ್ಕನನ್ನೇ ಮೊದಲು ಕೇಳಿದೆ. "ಬೆಡ್ ಅಂತ ಕೊಡ್ಬೇಡಿ, ಚೂರು ಮಾಡಿ ಚೀಲದಲ್ಲಿ ಕೊಡಿ. ದಿನಕ್ಕೆ ಎರಡು ಚೀಲ, ಸಾಕು" ಅಂದರು. ಅದು ನಾರಿನ ಹಾಸಿಗೆ. ಅಂಚಿನ ಹೊಲಿಗೆಯುದ್ದಕ್ಕೂ ಬ್ಲೇಡ್ ಎಳೆದರೆ ಬಟ್ಟೆ ಚರ್ಮ ಸುಲಿದ ಹಾಗೆ ಬಂತು. ಒಳಗೆ ತೆಳು ಫೋಮ್, ಅದರ ಕೆಳಗೆ ರಬ್ಬರ್ ಹಾಲಿನಲ್ಲಿ ಅಂಟಿಸಿದ ತೆಂಗಿನ ನಾರು. ಅಡುಗೆಮನೆ ಚಾಕು ಅದಕ್ಕೆ ಹಲ್ಲೂ ಊರಲಿಲ್ಲ. ಸೌದೆ ಕುಯ್ಯುವ ಗರಗಸ ತಂದ ಮೇಲೆ ಕೆಲಸ ಸಾಗಿತು. ಆರು ಗೋಣಿಚೀಲ, ಮೂರು ದಿನ, ಯಾರ ಗೊಣಗಾಟವೂ ಇಲ್ಲ. ಎರಡು ತುಂಡನ್ನು ನನ್ನ ಹೆಂಡತಿ ಎತ್ತಿಟ್ಟುಕೊಂಡಳು. ಈಗ ಅದರ ಮೇಲೆ ಆರ್ಕಿಡ್ ಇದೆ.

ಬೀರುವಿನ ಕಥೆ ಸಣ್ಣದು. ಬಿಚ್ಚಿ ಹಲಗೆ ಮಾಡಿ ಕೊಟ್ಟೆ, ಹೋಯಿತು. ಹಳೇ ತೇಗದ ಮಂಚವಾಗಿದ್ದರೆ ಬಚ್ಚಲಿನ ಹಂಡೆ ಒಲೆಗೇ ಆಗುತ್ತಿತ್ತು, ಗಾಡಿ ಯಾಕೆ ಬೇಕು? ಪ್ಲೈವುಡ್ ಮಾತ್ರ ಒಲೆಗೆ ಹಾಕಬೇಡಿ. ಒಂದು ತುಂಡು ಹಾಕಿ ನೋಡಿದ್ದೆ. ಅಂಟು ಸುಟ್ಟ ಹೊಗೆಗೆ ಕಣ್ಣು ಬಿಡಲಾಗಲಿಲ್ಲ.

ಫ್ರಿಜ್ಜನ್ನು ಗಾಡಿಯವರು ಮುಟ್ಟಲಿಲ್ಲ. ಗುಜರಿಯವನು ಖುಷಿಯಿಂದ ಬಂದ. ನನ್ನ ಎದುರೇ ಕಂಪ್ರೆಸರ್ ಪಕ್ಕದ ತಾಮ್ರದ ಕೊಳವೆ ಕತ್ತರಿಸಿದ. ಸುಯ್ ಅಂತ ಗಾಳಿ ಹೋಯಿತು. ಹಿಂದಿನ ಚೀಟಿಯಲ್ಲಿ ಆರ್-134ಎ ಅಂತ ಇತ್ತು, ಫ್ರಿಜ್ ತಣ್ಣಗೆ ಮಾಡುವ ಅನಿಲದ ಹೆಸರು. ಆಮೇಲೆ ಓದಿದೆ: ಭೂಮಿ ಬಿಸಿ ಮಾಡುವುದರಲ್ಲಿ ಆ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರಂತೆ. ಹೊಸ ಫ್ರಿಜ್ ತಂದ ದಿನವೇ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡಬಹುದಿತ್ತು. ಗುಜರಿಯವನು ನೂರು ರೂಪಾಯಿ ಜಾಸ್ತಿ ಹೇಳಿದ, ನಾನು ಬಿದ್ದೆ. ಡಬ್ಬಾ ಟಿವಿಯ ವಿಷಯದಲ್ಲಿ ಆ ತಪ್ಪು ಮಾಡಲಿಲ್ಲ. ಅದರ ಗಾಜಿನಲ್ಲಿ ಸೀಸ ಇರುತ್ತದೆ, ಒಡೆದು ಬಿಸಾಡುವ ವಸ್ತುವಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಲ್ಲಿ ಮರುಬಳಕೆಯ ಹೊಣೆ ತಯಾರಕರದ್ದು. ಆದರೆ ನಮ್ಮ ಬೀದಿಗೆ ಬಂದು ಕೇಳಿದ ತಯಾರಕರನ್ನು ನಾನಂತೂ ಕಾಣೆ. ಮೈಸೂರಿಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟು ಬಂದೆ.

ನೀವೂ ಏನಾದರೂ ಹೊರಹಾಕುವುದಿದ್ದರೆ ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಮನೆ ತೊಳೆಯುವವರೆಗೆ ಕಾಯಬೇಡಿ. ಆ ವಾರ ಇಡೀ ಊರೇ ಸಾಮಾನು ಹೊರಗಿಡುತ್ತದೆ. ಮಳೆಗಾಲದಲ್ಲಿ ಬಟ್ಟೆ, ಹತ್ತಿ, ನಾರಿರುವ ಏನನ್ನೂ ಹೊರಗಿಡಬೇಡಿ.

ಸದ್ಯ ಹಿತ್ತಲಲ್ಲಿ ಬಿರುಕು ಬಿಟ್ಟ 500 ಲೀಟರಿನ ಟ್ಯಾಂಕ್ ಕೂತಿದೆ. ಕುಯ್ದು ಕೊಟ್ಟರೆ ಪ್ಲಾಸ್ಟಿಕ್ ಲೆಕ್ಕದಲ್ಲಿ ತಗೊಳ್ತೀನಿ ಅಂತ ಗುಜರಿಯವನು ಹೇಳಿದ್ದಾನೆ. ಅರ್ಧ ಕುಯ್ದರೆ ಶುಂಠಿ ನೆಡಬಹುದು ಅಂತ ಹೆಂಡತಿ. ಗರಗಸ ಅಂತೂ ಹೊರಗೇ ಇದೆ.