ಆಮೆಗೆ ಮರಳು ಹಾಸಬೇಡಿ, ಕಾಫಿ ಹೊಟ್ಟಂತೂ ಬೇಡವೇ ಬೇಡ

ಮನೆಯಲ್ಲಿ ಆಮೆ ಸಾಕುತ್ತಿರುವವರು, ಅದರಲ್ಲೂ ಚಿಕ್ಕಮಗಳೂರಿನಂಥ ಮಳೆಯೂರಿನಲ್ಲಿ ಸಾಕುತ್ತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಗುಂಡ ಬದುಕಿ ಉಳಿದಿದ್ದಾನೆ. ಆದರೆ ಕಳೆದ ವರ್ಷ ಮಾರ್ಚ್‌ನಿಂದ ಜುಲೈವರೆಗಿನ ಅವಧಿಯಲ್ಲಿ ಎರಡು ಸಲ ಅವನ ಆಸೆಯನ್ನೇ ಬಿಟ್ಟಿದ್ದೆವು. ಎರಡು ಸಲವೂ ಕಾರಣ ನಾವು ಅವನ ಕಾಲಡಿಗೆ ಹಾಸಿದ್ದ ಹಾಸು.

ಗುಂಡ ಸಲ್ಕಾಟಾ ಜಾತಿಯ ಆಮೆ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೇಲ್ ಪ್ರದೇಶ ಈ ಜಾತಿಯ ತವರು. ಮಗಳ ಹಟಕ್ಕೆ ಮಣಿದು ಬೆಂಗಳೂರಿನ ಒಂದು ಅಂಗಡಿಯಿಂದ ತಂದಾಗ ಅವನು ಅಂಗೈಯಲ್ಲಿ ಕುಳಿತುಕೊಳ್ಳುವಷ್ಟಿದ್ದ. ತೂಕ 92 ಗ್ರಾಂ. ಕಾಗದಪತ್ರ ಸರಿಯಾಗಿತ್ತು. ವಿದೇಶಿ ಜಾತಿಗಳನ್ನು ಸಾಕುವವರಿಗಾಗಿ 2024ರಲ್ಲಿ ಬಂದ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿಯನ್ನೂ ಮಾಡಿಸಿದ್ದೆವು. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಯಾರಾದರೂ ಹಳದಿ ಗೆರೆಗಳ ನಕ್ಷತ್ರ ಆಮೆಯನ್ನು ಕೊಡುತ್ತೇನೆ ಎಂದರೆ ಮುಟ್ಟಲೂ ಹೋಗಬೇಡಿ. ಅದು ನಮ್ಮ ನೆಲದ ವನ್ಯಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ.

ಅಂಗಡಿಯವರು ಆಮೆಯ ಜೊತೆಗೆ ಎರಡಡಿ ಉದ್ದದ ಗಾಜಿನ ತೊಟ್ಟಿ, ಒಂದು ಕೆಂಪು ಬಲ್ಬು, ಐದು ಕಿಲೋ ಬಿಳಿ ಮರಳು ಕೊಟ್ಟರು. “ಇದು ಮರುಭೂಮಿಯ ಆಮೆ ಮೇಡಂ, ಮರಳಿಲ್ಲದೆ ಹೊಂದಿಕೊಳ್ಳುವುದಿಲ್ಲ. ಇದು ಕ್ಯಾಲ್ಸಿಯಂ ಮರಳು. ತಿಂದರೂ ಹೊಟ್ಟೆಯಲ್ಲಿ ಕರಗುತ್ತದೆ, ಚಿಪ್ಪು ಗಟ್ಟಿಯಾಗುತ್ತದೆ” ಎಂದರು. ಕೇಳಲು ಎಷ್ಟು ಸರಿಯಾಗಿತ್ತು! ಸಾಹೇಲ್‌ನಲ್ಲಿ ಈ ಆಮೆಗಳು ಬಿಸಿಲಿಗೆ ಬೆದರಿ ಗಟ್ಟಿ ಮಣ್ಣಿನಲ್ಲಿ ಆಳವಾದ ಬಿಲ ತೋಡಿ, ಒಳಗಿನ ತೇವದಲ್ಲಿ ದಿನದ ಬಹುಪಾಲು ಕಳೆಯುತ್ತವೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಗುಂಡನಿಗೆ ದಾಸವಾಳದ ಎಲೆಯೆಂದರೆ ಪ್ರಾಣ. ತೊಳೆದ ಎಲೆಯನ್ನು ಹಾಗೆಯೇ ಮರಳಿನ ಮೇಲೆ ಹಾಕುತ್ತಿದ್ದೆವು. ಒದ್ದೆ ಎಲೆಯ ಅಡಿಗೆ ಸಕ್ಕರೆ ಲೇಪಿಸಿದಂತೆ ಮರಳು ಹತ್ತಿಕೊಳ್ಳುತ್ತಿತ್ತು. ಅವನು ಕಚ್ಚಿದಾಗ ಕರಕರ ಸದ್ದು ಬರುತ್ತಿತ್ತು. ಆ ಸದ್ದನ್ನು ಮಗಳು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಅಜ್ಜಿಗೆ ಕಳಿಸಿದ್ದಳು. ಈಗ ಅದನ್ನು ಕೇಳಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಏಪ್ರಿಲ್ ಕೊನೆಯ ಹೊತ್ತಿಗೆ ತಿನ್ನುವುದು ಕಡಿಮೆಯಾಯಿತು. ಐದಾರು ದಿನ ಮಲವೇ ಬರಲಿಲ್ಲ. ಹಿಂಗಾಲುಗಳನ್ನು ಚಾಚಿ, ಕತ್ತು ಉದ್ದ ಮಾಡಿ ತಿಣುಕುತ್ತಿದ್ದ. ತೂಕ ನೋಡಿದರೆ 86 ಗ್ರಾಂ. ಬೆಳೆಯುವ ಮರಿ ಎರಡು ತಿಂಗಳಲ್ಲಿ ಇಳಿದುಹೋಗಿತ್ತು. ಊರಿನ ಪಶುವೈದ್ಯರು ನೋಡಿ, “ನಾನು ದನ, ನಾಯಿ ನೋಡುವವನು. ಆಮೆಯ ವಿಷಯದಲ್ಲಿ ಪ್ರಯೋಗ ಮಾಡುವುದಿಲ್ಲ, ಇವತ್ತೇ ಬೆಂಗಳೂರಿಗೆ ಹೊರಡಿ” ಎಂದರು. ಅವರ ಆ ಪ್ರಾಮಾಣಿಕತೆಗೆ ನಾನು ಋಣಿ. ಬೆಂಗಳೂರಿನಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಕರುಳಿನ ಉದ್ದಕ್ಕೂ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತಿತ್ತು. ಅಷ್ಟೂ ಮರಳು. ಕ್ಯಾಲ್ಸಿಯಂ ಮರಳು ಕರಗುತ್ತದೆ ಎಂಬ ಮಾತನ್ನು ನಂಬಿ ಬರುವವರು ನಾವೇ ಮೊದಲಲ್ಲ ಎಂದರು ವೈದ್ಯರು. ಅದು ಒಳಗೆ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ.

ಅವರು ಕೊಟ್ಟ ಔಷಧಿಯ ಜೊತೆಗೆ ದಿನಕ್ಕೆ ಎರಡು ಸಲ, ಅರ್ಧ ಗಂಟೆ, ಅವನ ಗದ್ದದ ಮಟ್ಟಕ್ಕಿಂತ ಕೆಳಗಿರುವಷ್ಟು ಬೆಚ್ಚಗಿನ ನೀರಿನಲ್ಲಿ ಕೂರಿಸುತ್ತಿದ್ದೆವು. ಹನ್ನೊಂದನೆಯ ದಿನ ಬೆಳಿಗ್ಗೆ ಸ್ಟೀಲ್ ಬೇಸಿನ್‌ನ ತಳದಲ್ಲಿ ಬೂದು ಬಣ್ಣದ ಒಂದು ಉಂಡೆ ಬಿದ್ದಿತ್ತು. ಬೆರಳಿನಲ್ಲಿ ಒತ್ತಿದರೆ ಮರಳು. ಮಗಳು ಅಡುಗೆಮನೆಯ ನೆಲದ ಮೇಲೆಯೇ ಕುಳಿತು ಅತ್ತಳು.

ಇಷ್ಟಾದ ಮೇಲೆ ಬುದ್ಧಿ ಬರಬೇಕಿತ್ತು. ಮರಳನ್ನು ಎಸೆದೆವು, ನಿಜ. ಆದರೆ ಅದರ ಜಾಗಕ್ಕೆ ಬಂದದ್ದು ಕಾಫಿ ಹೊಟ್ಟು. ಮೂಡಿಗೆರೆಯ ಹತ್ತಿರ ಅಕ್ಕನ ಮನೆಯವರ ತೋಟವಿದೆ. “ಮಿಲ್ಲಿನಿಂದ ಬಂದ ಹೊಟ್ಟು ರಾಶಿ ಬಿದ್ದಿದೆ, ಮೆತ್ತಗಿರುತ್ತದೆ, ಒಂದು ಚೀಲ ತೆಗೆದುಕೊಂಡು ಹೋಗಮ್ಮ” ಎಂದು ಭಾವ ಪ್ರೀತಿಯಿಂದಲೇ ಕೊಟ್ಟರು. ನಮ್ಮ ಕಡೆ ಕಾಫಿ ಹೊಟ್ಟು ಗೊಬ್ಬರಕ್ಕೂ ಆಗುತ್ತದೆ, ಒಲೆಗೂ ಆಗುತ್ತದೆ. ಆಮೆಗೆ ಯಾಕಾಗಬಾರದು ಎಂದುಕೊಂಡೆ. ಈ ಪೋಸ್ಟನ್ನು ಮುಖ್ಯವಾಗಿ ಬರೆಯುತ್ತಿರುವುದು ಇದೇ ಕಾರಣಕ್ಕೆ. ಮರಳಿನ ಅಪಾಯವನ್ನು ಹೇಳುವವರು ಸಿಗುತ್ತಾರೆ, ಕಾಫಿ ಹೊಟ್ಟಿನ ಬಗ್ಗೆ ಹೇಳುವವರು ಸಿಗುವುದಿಲ್ಲ. ಕಾಫಿ ಜಿಲ್ಲೆಯಲ್ಲಿ ಪುಕ್ಕಟೆಯಾಗಿ ಸಿಗುವ ಹಾಸು ಅದೇ.

ಕಾಫಿ ಹಣ್ಣಿನ ಸಿಪ್ಪೆಯಲ್ಲೂ ಕೆಫೀನ್ ಇರುತ್ತದೆ. ಆಮೆ ನೆಲದಿಂದಲೇ ತಿನ್ನುವ ಪ್ರಾಣಿ, ಕಾಲಡಿಗಿರುವುದೆಲ್ಲ ಒಂದಲ್ಲ ಒಂದು ದಿನ ಅದರ ಬಾಯಿಗೆ ಹೋಗುತ್ತದೆ. ಇನ್ನೊಂದು, ಹೊಟ್ಟು ತೇವವನ್ನು ಹೀರಿಕೊಂಡು ಕೂರುತ್ತದೆ. ಜೂನ್ ಮಳೆ ಹಿಡಿದ ಎಂಟನೆಯ ದಿನಕ್ಕೆ ಮೂಲೆಯಲ್ಲಿ ಬಿಳಿ ಬೂಷ್ಟು ಕಾಣಿಸಿತು. ಮೇಲಿನದನ್ನು ತೆಗೆದು ಕೆಳಗಿನದನ್ನು ಕೆದಕಿದರೆ ಹಸಿರು ಪುಡಿ ಹಾರಿ ಮೂಗಿಗೆ ಘಾಟು ಹೊಡೆಯಿತು. ಅಷ್ಟೂ ದಿನ ಗುಂಡ ಅದರೊಳಗೆ ಹುದುಗಿ ಮಲಗುತ್ತಿದ್ದ.

ಎರಡು ದಿನ ಕಳೆದು ಅವನ ಮೂಗಿನ ಹೊಳ್ಳೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಉಬ್ಬಿ ಒಡೆಯುವುದನ್ನು ನೋಡಿದೆ. ಕಣ್ಣು ಊದಿತ್ತು. ಬಾಯಿ ತೆರೆದು, ಕತ್ತು ಮೇಲಕ್ಕೆತ್ತಿ ಉಸಿರೆಳೆಯುತ್ತಿದ್ದ. ಶ್ವಾಸಕೋಶದ ಸೋಂಕು. ಮತ್ತೆ ಬೆಂಗಳೂರು, ಮುಂಗಾಲಿಗೆ ಇಂಜೆಕ್ಷನ್‌ಗಳು, ಮೂರು ವಾರ.

ವೈದ್ಯರು ಕೇಳಿದ ಮೊದಲ ಪ್ರಶ್ನೆ, “ರಾತ್ರಿ ಹಾಸಿನ ಮೇಲೆ ಉಷ್ಣಾಂಶ ಎಷ್ಟಿರುತ್ತದೆ?” ಗಾಜಿಗೆ ಅಂಟಿಸಿದ್ದ ಥರ್ಮಾಮೀಟರ್ 27 ತೋರಿಸುತ್ತದೆ ಎಂದೆ. ಮನೆಗೆ ಬಂದು ತಂತಿ ಇರುವ ಥರ್ಮಾಮೀಟರನ್ನು ಹಾಸಿನ ಮೇಲೆಯೇ ಇಟ್ಟು ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ 19. ನನಗೆ ಮೈ ನಡುಗಿತು. ಮರಿಗಳಿಗೆ ತೇವ ಬೇಕು, ಇಲ್ಲದಿದ್ದರೆ ಚಿಪ್ಪು ಗೋಪುರಗಳಂತೆ ಉಬ್ಬಿ ಬೆಳೆಯುತ್ತದೆ. ಆದರೆ ತೇವದ ಜೊತೆಗೆ ಬಿಸಿ ಇರಲೇಬೇಕು. ತಣ್ಣಗಿನ ತೇವ ಅವುಗಳ ಎದೆಗೆ ಇಳಿಯುತ್ತದೆ, ಮತ್ತು ನಮ್ಮ ಮಳೆಗಾಲ ಎಂದರೆ ತಿಂಗಳುಗಟ್ಟಲೆ ತಣ್ಣಗಿನ ತೇವವೇ.

ಕೆಂಪು ಬಲ್ಬಿನಲ್ಲಿ ಯುವಿಬಿ ಎಂಬ ಅತಿನೇರಳೆ ಕಿರಣ ಇಲ್ಲವೆಂಬುದೂ ಆಗಲೇ ತಿಳಿದದ್ದು. ಆ ಕಿರಣವಿಲ್ಲದೆ ಆಮೆಯ ದೇಹ ಕ್ಯಾಲ್ಸಿಯಂ ಬಳಸಿಕೊಳ್ಳಲಾರದು. ಕಿಟಕಿಯ ಬಿಸಿಲಿಗೆ ತೊಟ್ಟಿ ಇಡುತ್ತಿದ್ದೆವಲ್ಲ, ಅದೂ ವ್ಯರ್ಥ, ಗಾಜು ಯುವಿಬಿಯನ್ನು ತಡೆಯುತ್ತದೆ.

ಈಗ ಗುಂಡನ ಮನೆ ಆರಡಿ ಉದ್ದ, ಮೂರಡಿ ಅಗಲದ ಪ್ಲೈವುಡ್ ಪೆಟ್ಟಿಗೆ. ಗೋಡೆಯಾಚೆ ಕಾಣದಿರುವುದರಿಂದ ಗಾಜಿಗೆ ಮೂತಿ ಉಜ್ಜುತ್ತಾ ದಿನವಿಡೀ ಓಡಾಡುತ್ತಿದ್ದ ಅಭ್ಯಾಸ ನಿಂತಿದೆ. ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಲ್ಕೈದು ಇಂಚು ತೆಂಗಿನ ನಾರಿನ ಪುಡಿ, ಜೊತೆಗೆ ಗೊಬ್ಬರವಾಗಲಿ ಔಷಧಿಯಾಗಲಿ ಸೋಕದ ಹಿತ್ತಲಿನ ಮಣ್ಣು. ನಾರಿನ ಪುಡಿಗೆ ನಾವು ದೂರ ಹೋಗಬೇಕಿಲ್ಲ. ಅರಸೀಕೆರೆ ಕಡೆಯ ತೆಂಗಿನ ಸೀಮೆಯಿಂದ ಇಟ್ಟಿಗೆಯಂತೆ ಒತ್ತಿದ್ದು ಸಿಗುತ್ತದೆ. ಅದರಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ನೆನೆಸಿ, ಎರಡು ಸಲ ನೀರು ಬಸಿದು ಬಳಸುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಆಮೇಲೆ ನೀರನ್ನು ಮೇಲಿನಿಂದ ಚಿಮುಕಿಸುವುದಿಲ್ಲ, ಮೂಲೆಗಳಲ್ಲಿ ಸುರಿಯುತ್ತೇನೆ. ತಳ ತೇವವಾಗಿ, ಮೇಲ್ಪದರ ಒಣಗಿರುತ್ತದೆ. ಊಟ ಯಾವಾಗಲೂ ಕಡಪ ಕಲ್ಲಿನ ತುಂಡಿನ ಮೇಲೆ.

ದೀಪದ ಕೆಳಗೆ 35ರಿಂದ 38 ಡಿಗ್ರಿ, ಇನ್ನೊಂದು ತುದಿಯಲ್ಲಿ 27ರ ಆಸುಪಾಸು. ರಾತ್ರಿಗೆ ಬೆಳಕು ಕೊಡದ ಸೆರಾಮಿಕ್ ಹೀಟರ್, ಅದಕ್ಕೆ ಥರ್ಮೋಸ್ಟಾಟ್. ಯುವಿಬಿ ಟ್ಯೂಬ್ ಉರಿಯುತ್ತಿದ್ದರೂ ಕಿರಣ ಕ್ಷೀಣಿಸುತ್ತದೆ, ಆದ್ದರಿಂದ ತಯಾರಕರು ಹೇಳಿದ ಅವಧಿಗೆ ಬದಲಿಸಲೇಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಬಿಸಿನೀರು ತುಂಬಿದ ಬಾಟಲಿಗಳನ್ನು ಟವೆಲ್ ಸುತ್ತಿ ಅವನ ಗೂಡಿನ ಎರಡೂ ಬದಿಗೆ ಇಡುತ್ತೇನೆ.

ಮರದ ಮಿಲ್ಲಿನ ಹೊಟ್ಟು ಹಾಕಲೇ ಎಂದು ಇಬ್ಬರು ಪರಿಚಯದವರು ಕೇಳಿದ್ದಾರೆ. ಬೇಡ. ಯಾವ ಯಾವ ಮರ ಬೆರೆತಿದೆಯೋ ತಿಳಿಯುವುದಿಲ್ಲ, ದೇವದಾರು, ಪೈನ್‌ಗಳ ಎಣ್ಣೆಯಂಶ ಆಮೆಗೆ ಕೆಡುಕು, ಧೂಳು ಬೇರೆ. ಭತ್ತದ ಹುಲ್ಲು ನಮ್ಮ ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ. ಸಣ್ಣ ಜಲ್ಲಿಯನ್ನು ಅವು ನುಂಗುತ್ತವೆ.

ಇನ್ನೂ ಕೊಳ್ಳದವರು ಒಂದು ವಿಷಯ ಯೋಚಿಸಿ. ಸಲ್ಕಾಟಾ ಅಂಗೈಯಲ್ಲಿ ಉಳಿಯುವುದಿಲ್ಲ. ಪೂರ್ತಿ ಬೆಳೆದದ್ದು 40 ಕಿಲೋ ದಾಟಬಹುದು, ಬದುಕಿದರೆ ನಮ್ಮ ಮಕ್ಕಳಿಗೂ ವಯಸ್ಸಾಗಿರುತ್ತದೆ. ಅಂಗಡಿಯಲ್ಲಿ ಯಾರೂ ನಮಗೆ ಇದನ್ನು ಹೇಳಲಿಲ್ಲ.

ಗುಂಡ ಈಗ 410 ಗ್ರಾಂ. ಚಿಪ್ಪಿನ ಮೇಲೆ ಆ ನಾಲ್ಕು ತಿಂಗಳ ಬೆಳವಣಿಗೆ ಉಬ್ಬಾಗಿಯೇ ಉಳಿದಿದೆ, ಅದರ ಸುತ್ತ ಹೊಸದಾಗಿ ಬಂದ ಭಾಗ ನುಣುಪಾಗಿದೆ. ಉಬ್ಬು ಇನ್ನು ಇಳಿಯುವುದಿಲ್ಲವಂತೆ.

ಮಳೆ ಶುರುವಾಗುತ್ತಿದೆ. ಮರಳಿನ ಮೇಲೋ ಹೊಟ್ಟಿನ ಮೇಲೋ ಆಮೆ ಇಟ್ಟಿರುವವರು ಇವತ್ತು ರಾತ್ರಿಯೇ ಅದನ್ನೆಲ್ಲ ತೆಗೆದು, ಹಳೆಯ ದಿನಪತ್ರಿಕೆ ಹಾಸಿ, ಬೆಚ್ಚಗಿಡಿ. ನಾರಿನ ಪುಡಿಯನ್ನು ನಾಳೆ ಹೋಗಿ ತಂದರಾಯಿತು.