ಆರು ವರ್ಷ ಚಂದಾ ಕಟ್ಟಿದ್ದೇನೆ, ಈ ತಿಂಗಳೂ ಕಟ್ಟಿದೆ: ಓಲ್ಡ್ ಸ್ಕೂಲ್ ರೂನ್‌ಸ್ಕೇಪ್

ಇದು ಜಗತ್ತಿನ ನಾನಾ ಕಡೆಯ ಜನ ಇಂಟರ್‌ನೆಟ್ಟಿನಲ್ಲಿ ಒಟ್ಟಿಗೆ ಆಡುವ ಆಟ. ನಮ್ಮ ಕಡೆ ಇದು ಓಡುತ್ತದೆಯೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಓಡುತ್ತದೆ. ನನ್ನ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗೆ. ಜೂನ್ ಬಂತೆಂದರೆ ಕರೆಂಟನ್ನು ನಂಬಿ ಕೂರುವ ಹಾಗಿಲ್ಲ, ಸಿಗ್ನಲ್ ಬೇಕೆಂದರೆ ಜಗಲಿಯ ಮೂಲೆಗೇ ಬರಬೇಕು. ಅಂಥಲ್ಲೂ ಆಟ ನಡೆಯುತ್ತದೆ. ಇದರ ಸರ್ವರ್ 0.6 ಸೆಕೆಂಡಿಗೊಮ್ಮೆ ಮಾತ್ರ ಲೆಕ್ಕ ಹಾಕುತ್ತದೆ. ಆಡುವವರು ಇದಕ್ಕೆ ಟಿಕ್ ಎನ್ನುತ್ತಾರೆ. ನಮ್ಮ ಸಿಗ್ನಲ್ ಒಂದಿಷ್ಟು ತಡವಾಗಿ ತಲುಪಿದರೂ ಆಟದೊಳಗೆ ಮರ ಕಡಿಯುವ ಕೊಡಲಿ ನಿಲ್ಲುವುದಿಲ್ಲ. 2018ರ ಅಕ್ಟೋಬರಿನಲ್ಲಿ ಮೊಬೈಲಿಗೂ ಬಂತು. ಕಂಪ್ಯೂಟರಿನಲ್ಲಿ ಅರ್ಧಕ್ಕೆ ಬಿಟ್ಟದ್ದನ್ನು ಅದೇ ಖಾತೆಯಲ್ಲಿ ಫೋನಿನಲ್ಲಿ ಮುಂದುವರಿಸಬಹುದು. ನಾನು ಚಂದಾದಾರನಾದದ್ದು ಅದರ ಮರುವರ್ಷ.

ಪರಿಚಯ ಮಾತ್ರ ಹಳೆಯದು. 2006ರಲ್ಲಿ ಶಿವಮೊಗ್ಗದಲ್ಲಿ ಓದುವಾಗ ದುರ್ಗಿಗುಡಿಯ ಸೈಬರ್ ಸೆಂಟರಿಗೆ ಹೋಗುತ್ತಿದ್ದೆವು. ಅಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡುತ್ತಿರಲಿಲ್ಲ. ರೂನ್‌ಸ್ಕೇಪ್ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತಿತ್ತು, ಆಟದ ಒಂದು ಭಾಗ ಪುಕ್ಕಟೆ ಬೇರೆ. ಮುಂದೆ 2012ರ ನವೆಂಬರಿನಲ್ಲಿ ಅದನ್ನು ನಡೆಸುವ ಕೇಂಬ್ರಿಡ್ಜಿನ ಜ್ಯಾಗೆಕ್ಸ್ ಕಂಪನಿ ಕಾದಾಟದ ವ್ಯವಸ್ಥೆಯನ್ನೇ ಬದಲಿಸಿತು. ಆಗಿನ ಬೇರೆ ಆಟಗಳ ಹಾಗೆ ಆಧುನಿಕವಾಗಲಿ ಎಂಬ ಉದ್ದೇಶ. ಹಳೆಯ ಆಟಗಾರರು ಎದ್ದು ಹೋದರು. ಹಳೆಯದನ್ನು ಮರಳಿ ಕೊಡಬೇಕೇ ಎಂದು ಮತ ಕೇಳಿದಾಗ ನಾಲ್ಕೂವರೆ ಲಕ್ಷದ ಹತ್ತಿರ ಮತ ಬಿತ್ತು. ಕಂಪನಿಯಲ್ಲಿ ಉಳಿದಿದ್ದ 2007ರ ಆಗಸ್ಟಿನ ಒಂದು ಬ್ಯಾಕಪ್ಪಿನಿಂದ 2013ರ ಫೆಬ್ರುವರಿಯಲ್ಲಿ ಆ ಹಳೆಯ ಆಟ ಓಲ್ಡ್ ಸ್ಕೂಲ್ ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆಯಿತು. ಅಂದಿನಿಂದ ಹೊಸದೇನಾದರೂ ಸೇರಿಸುವ ಮುನ್ನ ಸಾಮಾನ್ಯವಾಗಿ ಚಂದಾದಾರರ ಮತ ಕೇಳುತ್ತಾರೆ. ಮೊದಲು ಶೇ. 75 ಮಂದಿ ಒಪ್ಪಬೇಕಿತ್ತು, ಈಗ ಶೇ. 70.

ಇದಕ್ಕೂ ಮುಂಚೆ ಎರಡೂವರೆ ವರ್ಷ ಇನ್ನೊಂದು ಆಟಕ್ಕೆ ಚಂದಾ ಕಟ್ಟಿದ್ದೆ. ಅದರ ಹೆಸರು ಇಲ್ಲಿ ಬೇಡ. ನೋಡಲು ಕಣ್ಣಿಗೆ ಹಬ್ಬ. ಗುಹೆಗೆ ಹೋಗಬೇಕೆಂದರೆ ಒಂದು ಬಟನ್ ಒತ್ತಿದರೆ ಸಾಕು, ಯಂತ್ರವೇ ನಾಲ್ಕು ಜನರನ್ನು ಹುಡುಕಿ ಕೊಡುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಗುಹೆ ಮುಗಿದು ಐವರೂ ಐದು ದಿಕ್ಕಿಗೆ. ಒಬ್ಬರೂ ಒಬ್ಬರಿಗೆ ನಮಸ್ಕಾರ ಹೇಳಿದ್ದು ನನಗೆ ನೆನಪಿಲ್ಲ. ಮೂರು ತಿಂಗಳು ಒದ್ದಾಡಿ ಒಂದು ಕತ್ತಿ ಗಳಿಸಿದ್ದೆ. ಹೊಸ ಭಾಗ ಬಂದ ದಿನ, ಹಂದಿ ಹೊಡೆದು ಬಾ ಎಂಬ ಮೊದಲ ಕೆಲಸಕ್ಕೇ ಅದಕ್ಕಿಂತ ಬಲವಾದ ಕತ್ತಿ ಕೈಗಿಟ್ಟರು. ಅವತ್ತು ರಾತ್ರಿ ಬಹಳ ಹೊತ್ತು ಸ್ಕ್ರೀನ್ ನೋಡುತ್ತಾ ಸುಮ್ಮನೆ ಕೂತಿದ್ದೆ. ಎರಡು ತಿಂಗಳು ಬಿಟ್ಟು ಚಂದಾ ನಿಲ್ಲಿಸಿದೆ. ಆಟದೊಳಗಿನ ಯಾರೂ ಎಲ್ಲಿ ಹೋದೆ ಎಂದು ಕೇಳಲಿಲ್ಲ. ಕೇಳಲು ನನ್ನನ್ನು ಬಲ್ಲವರು ಅಲ್ಲಿ ಯಾರಿದ್ದರು?

ನಮ್ಮ ಮನೆಯಲ್ಲಿ ಅಡಿಕೆ ಸುಲಿತ ಹೇಗೆ ನಡೆಯುತ್ತಿತ್ತು ಎಂದು ನೆನೆಸಿಕೊಂಡರೆ ಈ ವಿಷಯ ನನಗೆ ಸ್ಪಷ್ಟವಾಗುತ್ತದೆ. ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಜಗಲಿಯ ಮೇಲೆ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತು ಹನ್ನೆರಡು ಜನ ಕೂರುತ್ತಿದ್ದರು. ಕೈ ಅದರ ಪಾಡಿಗೆ ಸುಲಿಯುತ್ತಿತ್ತು, ಬಾಯಿ ಊರಿನ ಸುದ್ದಿಯನ್ನೆಲ್ಲ ಆಡುತ್ತಿತ್ತು. ಯಾರ ಮನೆಯ ದನ ಕರು ಹಾಕಿತು, ಯಾರ ಹುಡುಗಿಗೆ ಎಲ್ಲಿಂದ ಸಂಬಂಧ ಬಂತು, ಎಲ್ಲ ಅಲ್ಲೇ. ಈಗ ಸುಲಿಯುವ ಯಂತ್ರ ಬಂದಿದೆ. ಬರಲೇಬೇಕಿತ್ತು, ಕೆಲಸಕ್ಕೆ ಜನ ಸಿಗುವುದಿಲ್ಲ, ಅದನ್ನು ನಾನು ದೂರುವುದಿಲ್ಲ. ಆದರೆ ಆ ಮಾತೂ ಯಂತ್ರದ ಸದ್ದಿನಲ್ಲೇ ಹೋಯಿತು. ಆಟಗಳಲ್ಲೂ ಹೀಗೇ ಆಯಿತು. ಕಾಯುವುದು, ನಡೆಯುವುದು, ಜೊತೆಗಾರರನ್ನು ಕೇಳಿ ಹುಡುಕುವುದು ಇವೆಲ್ಲ ಬೇಸರ ಎಂದು ಒಂದೊಂದಾಗಿ ತೆಗೆದರು. ಜನ ಪರಸ್ಪರ ಮಾತಾಡುತ್ತಿದ್ದದ್ದು ಆ ಬೇಸರದ ಹೊತ್ತಿನಲ್ಲೇ.

ಇಂಥ ಆಟಗಳನ್ನು ಜನ ಬಿಟ್ಟು ಹೋಗಲು ಇದೊಂದೇ ಕಾರಣ ಎಂದು ನಾನು ಹೇಳಲಾರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಇದೇ ಬಗೆಯ ದೊಡ್ಡ ಆಟಕ್ಕೆ ತಂಡ ಹುಡುಕಿಕೊಡುವ ಬಟನ್ ಬಂದದ್ದು 2009ರ ಡಿಸೆಂಬರಿನಲ್ಲಿ. ಅದರ ಚಂದಾದಾರರು ಅತಿ ಹೆಚ್ಚು, 1.2 ಕೋಟಿ, ಆದದ್ದು ಮರುವರ್ಷ. 2015ರಲ್ಲಿ ಆ ಸಂಖ್ಯೆ 55 ಲಕ್ಷಕ್ಕೆ ಇಳಿದ ಮೇಲೆ ಕಂಪನಿ ಲೆಕ್ಕ ಪ್ರಕಟಿಸುವುದನ್ನೇ ಬಿಟ್ಟಿತು. ನಡುವೆ ಫೋನ್ ಆಟಗಳು ಬಂದವು, ಆಡುತ್ತಿದ್ದವರಿಗೆ ಸಂಸಾರವಾಯಿತು. ಆದರೂ 2019ರಲ್ಲಿ ಅದೇ ಕಂಪನಿ ನಿಧಾನದ ಹಳೆಯ ಆವೃತ್ತಿಯನ್ನು ಮತ್ತೆ ತೆರೆಯಿತಲ್ಲ, ಅದು ನನಗೆ ದೊಡ್ಡ ಸಾಕ್ಷಿ.

ಓಲ್ಡ್ ಸ್ಕೂಲಿನಲ್ಲಿ ಗಳಿಸಿದ್ದು ಉಳಿಯುತ್ತದೆ. 2005ರಲ್ಲಿ ಬಂದ ಅಬಿಸಲ್ ವಿಪ್ ಎಂಬ ಚಾಟಿ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಒಂದು ಕಸುಬಿನಲ್ಲಿ 99ನೇ ಮಟ್ಟ ಮುಟ್ಟಲು 1,30,34,431 ಅಂಕ ಬೇಕು. 92ನೇ ಮಟ್ಟಕ್ಕೆ ಬಂದಾಗ ಅದರ ಅರ್ಧ ದಾರಿ ಆಗಿರುತ್ತದೆ ಅಷ್ಟೆ. ಮೀನು ಹಿಡಿಯುವುದರಲ್ಲಿ ಆ ದ್ವಿತೀಯಾರ್ಧಕ್ಕೆ ನನಗೆ ಎರಡು ಮಳೆಗಾಲ ಹಿಡಿಯಿತು. ಆಟದಲ್ಲಿ ಗಿಡಮೂಲಿಕೆ ನೆಟ್ಟರೆ ಕೊಯ್ಲಿಗೆ ಬರಲು ಗಡಿಯಾರದ 80 ನಿಮಿಷ ಬೇಕು. ಮನೆಯಲ್ಲಿ ಅಡಿಕೆ ಹಂಡೆಗೆ ಬೆಂಕಿ ಹಾಕಿ, ಆಟದಲ್ಲಿ ಗಿಡ ನೆಟ್ಟು ಬಂದರೆ, ಚೊಗರು ನೋಡಿ ಬರುವ ಹೊತ್ತಿಗೆ ಅಲ್ಲಿಯೂ ಕೊಯ್ಲು ಸಿದ್ಧ.

2022ರ ಜುಲೈನಲ್ಲಿ ಲೈನಿನ ಮೇಲೆ ಮರ ಬಿದ್ದು ಒಂಬತ್ತು ದಿನ ಕರೆಂಟ್ ಇರಲಿಲ್ಲ, ಫೋನೂ ಸತ್ತಿತ್ತು. ಹತ್ತನೇ ದಿನ ಲಾಗಿನ್ ಆದ ಕೂಡಲೇ ಕ್ಲಾನಿನ, ಅಂದರೆ ಆಟದೊಳಗಿನ ನಮ್ಮ ಗುಂಪಿನ, ಚಾಟಿನಲ್ಲಿ ಒಂದರ ಹಿಂದೊಂದು ಸಾಲು ಬಂತು. ಬಂದೆಯಾ, ಹುಷಾರಿದ್ದೀಯಾ, ಮಳೆ ನಿಂತಿತಾ? ಫಿನ್ಲೆಂಡಿನಲ್ಲಿ ಲಾರಿ ಓಡಿಸುವ ಒಬ್ಬರು, ಹೊಳೆಯ ನೀರು ತೋಟಕ್ಕೆ ನುಗ್ಗಿತೇ ಎಂದು ಕೇಳಿದರು. ತೋಟ ಹೊಳೆಯ ಪಕ್ಕ ಇದೆ ಎಂದು ಯಾವಾಗಲೋ ಮರ ಕಡಿಯುತ್ತಾ ಹೇಳಿದ್ದೆ. ಅವರು ಅದನ್ನು ನೆನಪಿಟ್ಟಿದ್ದರು. ನಾನು ತಿಂಗಳು ತಿಂಗಳು ದುಡ್ಡು ಕೊಡುತ್ತಿರುವುದು ಇದಕ್ಕೆ.

ಕೊರತೆಗಳಿವೆ. ಮರ ಕಡಿಯುವ ಕಡೆಗಳಲ್ಲಿ ಬಾಟ್‌ಗಳು, ಅಂದರೆ ಮನುಷ್ಯರ ಬದಲು ತಾವೇ ಆಡುವ ಪ್ರೋಗ್ರಾಮ್‌ಗಳು, ಕಾಣುತ್ತವೆ, ಅವು ಇದ್ದಲ್ಲಿ ಮಾತಿಲ್ಲ. ಬಾಂಡ್ ಎಂಬುದನ್ನು ನಿಜವಾದ ದುಡ್ಡಿಗೆ ಕೊಂಡು ಆಟದ ಚಿನ್ನಕ್ಕೆ ಮಾರಬಹುದು. ಇದು ನನಗೆ ಸರಿಕಾಣುವುದಿಲ್ಲ. ಅಜಿಲಿಟಿ ಕಸುಬಂತೂ ಬರೀ ಸುತ್ತು ಹೊಡೆಯುವ ಕೆಲಸ, ಅದರಲ್ಲಿ ಏನೂ ಸೊಗಸಿಲ್ಲ. ಹೊಸಬರಿಗೆ ದಾರಿ ತೋರಿಸುವುದೂ ಕಡಿಮೆ.

ಸೇರಬೇಕೆನ್ನುವವರು ಮೊದಲ ದಿನವೇ ಚಂದಾ ಕಟ್ಟಬೇಡಿ. ಪುಕ್ಕಟೆ ಭಾಗದಲ್ಲಿ ಮೀನುಗಾರಿಕೆ 40ನೇ ಮಟ್ಟಕ್ಕೆ ಬರುವವರೆಗೆ ಆಡಿ. ಆಮೇಲೆ ಲಾಬ್‌ಸ್ಟರ್ ಹಿಡಿಯಲು ಆಟದ ಕರಾಮ್ಜಾ ದ್ವೀಪಕ್ಕೆ ಹೋಗಿ, ದಕ್ಕೆಯ ಮೇಲೆ ನಿಮ್ಮ ಪಕ್ಕ ನಿಂತವರನ್ನು ಮಾತಾಡಿಸಿ ನೋಡಿ. ಪೋರ್ಟ್ ಸರಿಮ್ ಬಂದರಿನಿಂದ ಅಲ್ಲಿಗೆ ಹಡಗಿಗೆ ಆಟದ 30 ನಾಣ್ಯ.