ಲಿನಕ್ಸ್ ಫೋನ್ ರೀಸೆಟ್: ಸಿಗ್ನಲ್ ಸಿಗದ ಊರಿಗೆ ಯಾವುದು ಸರಿ?

ಫೋನನ್ನು ರೀಸೆಟ್ ಮಾಡುವುದು, ಅಂದರೆ ಇದ್ದದ್ದೆಲ್ಲ ಅಳಿಸಿ ಹೊಸದರ ಥರ ಮಾಡುವುದು, ಏನೂ ಕಷ್ಟವಲ್ಲ. ಆಮೇಲೆ ಎಷ್ಟು ಡೌನ್‌ಲೋಡ್ ಮಾಡಬೇಕಾಗುತ್ತದೆ ಅನ್ನುವುದೇ ಮುಖ್ಯ. ಸಕಲೇಶಪುರದ ಆಚೆ ಮಳೆ ಹಿಡಿದರೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಹಾಗಾಗಿ ನನ್ನ ಹತ್ತಿರವಿರುವ ಮೂರು ಲಿನಕ್ಸ್ ಫೋನ್‌ಗಳನ್ನು, ಅಂದರೆ ಆಂಡ್ರಾಯ್ಡ್ ಬದಲು ಬೇರೆ ಲಿನಕ್ಸ್ ಓಎಸ್ (ಫೋನ್ ನಡೆಸುವ ಮೂಲ ಸಾಫ್ಟ್‌ವೇರ್) ಇರುವ ಫೋನ್‌ಗಳನ್ನು, ಇದೇ ಲೆಕ್ಕದಲ್ಲಿ ನೋಡಿದೆ.

ಉಬುಂಟು ಟಚ್ ಅನ್ನುವ ಓಎಸ್ ಹಾಕಿದ ಒನ್‌ಪ್ಲಸ್ ಒನ್ ತುಂಬಾ ಸಲೀಸು. ಸೆಟ್ಟಿಂಗ್ಸ್ ಒಳಗೇ ರೀಸೆಟ್ ಇದೆ. ಬರೀ ಲಾಂಚರ್ (ಆ್ಯಪ್‌ಗಳ ಪಟ್ಟಿ), ಬರೀ ಸೆಟ್ಟಿಂಗ್ಸ್, ಇಲ್ಲಾ ಪೂರ್ತಿ, ಯಾವುದು ಬೇಕೋ ಅದನ್ನು ಒತ್ತಿದರಾಯಿತು. ಪೂರ್ತಿ ಮಾಡಿದರೆ ನಮ್ಮ ಫೋಟೊ, ಆ್ಯಪ್ ಎಲ್ಲ ಹೋಗುತ್ತವೆ. ಓಎಸ್ ಮಾತ್ರ ಈಗಿನ ಆವೃತ್ತಿಯಲ್ಲೇ ಉಳಿಯುತ್ತದೆ.

2014ರಲ್ಲಿ ಭಾರತಕ್ಕೆ ಬಂದ ಯೋಲಾ ಫೋನಿನ ಕಥೆ ಬೇರೆ. ಅದರ ಸೈಲ್‌ಫಿಶ್ ಓಎಸ್ ತನ್ನ ಮೊದಲ ಪ್ರತಿಯನ್ನು ಫೋನಿನೊಳಗೇ ಇಟ್ಟುಕೊಂಡಿರುತ್ತದೆ. ರೀಸೆಟ್ ಮಾಡಿದರೆ ಆ ಹಳೇ ಆವೃತ್ತಿಗೇ ವಾಪಸ್. ಅಲ್ಲಿಂದ ಒಂದೊಂದೇ ಮೆಟ್ಟಿಲು ಅಪ್‌ಡೇಟ್ ಮಾಡುತ್ತಾ 3.4ರವರೆಗೆ ಬರಬೇಕು. ನಮ್ಮ ಕಡೆಯ ಸಿಗ್ನಲ್‌ನಲ್ಲಿ ಅದು ಆಗದ ಮಾತು. ಆದರೆ ಇದರ ರಿಕವರಿ, ಅಂದರೆ ಕೆಟ್ಟ ಫೋನನ್ನು ಸರಿಮಾಡುವ ದಾರಿ, ನನಗೆ ಬಹಳ ಇಷ್ಟ. ಫೋನ್ ಆನ್ ಆಗದೇ ಕೂತರೂ ಬ್ಯಾಟರಿ ತೆಗೆದು, ವಾಲ್ಯೂಮ್ ಕಡಿಮೆ ಮಾಡುವ ಗುಂಡಿ ಒತ್ತಿಹಿಡಿದು, ಬ್ಯಾಟರಿ ಮತ್ತೆ ಹಾಕಿ ಆನ್ ಮಾಡಬೇಕು. ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸಿ 10.42.66.66 ಅನ್ನುವ ವಿಳಾಸಕ್ಕೆ ಟೆಲ್‌ನೆಟ್ (ಕಂಪ್ಯೂಟರಿನಿಂದ ಇನ್ನೊಂದು ಸಾಧನಕ್ಕೆ ಆದೇಶ ಕೊಡುವ ಪ್ರೋಗ್ರಾಂ) ಮಾಡಿದರೆ ಮೆನು ಬರುತ್ತದೆ. ಇಂಟರ್‌ನೆಟ್ ಬೇಕಿಲ್ಲ. ಸೆಕ್ಯುರಿಟಿ ಕೋಡ್ ಇಟ್ಟಿದ್ದರೆ ಇಲ್ಲೂ ಕೇಳುತ್ತದೆ, ಬರೆದಿಟ್ಟುಕೊಳ್ಳಿ.

ಮೂರನೆಯದು ಪೈನ್‌ಫೋನ್. ಇದಕ್ಕೆ ರೀಸೆಟ್ ಅಂದರೆ ಹೊಸ ಓಎಸ್ ಬರೆಯುವುದೇ. ಆನ್ ಮಾಡಿದಾಗ ಫೋನ್ ಓಎಸ್‌ಗಾಗಿ ಮೊದಲು ಮೆಮೊರಿ ಕಾರ್ಡ್ ನೋಡುತ್ತದೆ, ಆಮೇಲೆ ಒಳಗಿನ ಸ್ಟೋರೇಜ್. ಹಾಗಾಗಿ ಕಾರ್ಡಿಗೆ ಓಎಸ್ ಬರೆದು, ಒಳಗಿನದನ್ನು ಮುಟ್ಟದೆ ಸುಮ್ನೆ ಚಲಾಯಿಸಿ ನೋಡಬಹುದು. ಚೆನ್ನಾಗಿದೆ ಅನಿಸಿದರೆ ಕಾರ್ಡಿಗೆ ಜಂಪ್‌ಡ್ರೈವ್ ಅನ್ನುವ ಪುಟ್ಟ ಸಾಫ್ಟ್‌ವೇರ್ ಬರೆದು, ಅದರಿಂದ ಫೋನ್ ಆನ್ ಮಾಡಿ, ಲ್ಯಾಪ್‌ಟಾಪ್‌ಗೆ ಕೇಬಲ್ ಸಿಕ್ಕಿಸಿ. ಒಳಗಿನ ಸ್ಟೋರೇಜ್ ಲ್ಯಾಪ್‌ಟಾಪ್‌ನಲ್ಲಿ ಪೆನ್‌ಡ್ರೈವ್ ಥರ ಕಾಣಿಸುತ್ತದೆ, ಅದರ ಮೇಲೆ ಬರೆಯುವುದು ಅಷ್ಟೇ. ಬರೆಯುವ ಮುಂಚೆ ಡಿಸ್ಕಿನ ಹೆಸರು, ಗಾತ್ರ ನೋಡಲೇಬೇಕು. ತಪ್ಪಿದರೆ ಲ್ಯಾಪ್‌ಟಾಪ್ ಖಾಲಿಯಾಗುತ್ತದೆ. ಓಎಸ್ ಫೈಲನ್ನು ಹಾಸನಕ್ಕೆ ಹೋದಾಗ ಒಳ್ಳೆ ವೈಫೈನಲ್ಲಿ ಇಳಿಸಿಕೊಂಡು ಬಂದರೆ, ಎಷ್ಟು ಸಲ ಬೇಕಾದರೂ ನೆಟ್ ಇಲ್ಲದೇ ರೀಸೆಟ್ ಮಾಡಬಹುದು.

ಕಂಪ್ಯೂಟರ್ ಮುಟ್ಟದವರಿಗೆ ಉಬುಂಟು ಟಚ್ ಸರಿ. ಲ್ಯಾಪ್‌ಟಾಪ್ ಇದ್ದು, ಊರಲ್ಲಿ ನೆಟ್ ಇಲ್ಲದವರಿಗೆ ನಾನು ಹೇಳುವುದು ಪೈನ್‌ಫೋನ್. ಯಾವುದೇ ಆಗಲಿ, ಕಾಂಟ್ಯಾಕ್ಟ್ಸ್ ಮತ್ತು ಫೋಟೊಗಳನ್ನು ಮೊದಲೇ ಲ್ಯಾಪ್‌ಟಾಪ್‌ಗೋ ಪೆನ್‌ಡ್ರೈವ್‌ಗೋ ಹಾಕಿಕೊಳ್ಳಿ.